ಎರಡು ಇನ್ಹೇಲರ್ ಇದ್ದರೆ ಯಾವುದು ಮೊದಲು?

ಪ್ರಶ್ನೆ: ವಿಜಯಪುರದಲ್ಲಿ ಬಿಎಸ್ಸಿ ನರ್ಸಿಂಗ್ ಓದ್ತಿದ್ದೇನೆ. ಜೋಳದ ರಾಶಿಯ ಧೂಳು ಕುಡಿದು ದಮ್ಮು ಜಾಸ್ತಿಯಾದ ಮುತ್ಯಾ ಒಬ್ಬರು ವಾರ್ಡಿನಲ್ಲಿದ್ದಾರೆ. ಶ್ವಾಸನಾಳ ಸಡಿಲಿಸುವ ಸಾಲ್ಬ್ಯುಟಮಾಲ್, ಊತ ಇಳಿಸುವ ಸ್ಟೆರಾಯ್ಡ್ ಬುಡೆಸೊನೈಡ್, ಎರಡೂ ಇನ್ಹೇಲರ್ ಬರೆದಿದ್ದಾರೆ. ಸಾಲ್ಬ್ಯುಟಮಾಲ್ ಕೊಟ್ಟರೆ ಕೈ ನಡುಗುತ್ತೆ, ನಾಡಿ ಜೋರಾಗುತ್ತೆ. ಹೆದರಬೇಕಾ?

ಉತ್ತರ 1: ಸಾಲ್ಬ್ಯುಟಮಾಲೇ ಮೊದಲು ತಂಗಿ. ಕೆಲವೇ ನಿಮಿಷದಲ್ಲಿ ಶ್ವಾಸನಾಳ ಸಡಿಲಾಗುತ್ತದೆ. 5 ನಿಮಿಷ ಬಿಟ್ಟು ಬುಡೆಸೊನೈಡ್. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿಸು, ಇಲ್ಲಾಂದ್ರೆ ನಾಲಿಗೆ ಮೇಲೆ ಬಿಳಿ ಫಂಗಸ್ ಕೂರುತ್ತದೆ. ನಮ್ಮ ಬಾಗಲಕೋಟೆ ವಾರ್ಡಿನಲ್ಲಿ ಹೆಚ್ಚಿನವರು ಮರೆಯೋದು ಇದನ್ನೇ. ನಡುಕ ಸಾಮಾನ್ಯ, ತಾನಾಗಿ ಇಳಿಯುತ್ತದೆ. ಎದೆನೋವು ಬಂದರೆ, ನಾಡಿ ತಪ್ಪಿ ತಪ್ಪಿ ಹೊಡೆದರೆ ಡಾಕ್ಟರಿಗೆ ಹೇಳು.

ಉತ್ತರ 2: ಬೀಡಿ ಸೇದ್ತಾರಾ ಕೇಳಿ. ಸಿಒಪಿಡಿ (ಹೆಚ್ಚಾಗಿ ಹೊಗೆಯಿಂದ ಬರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದ್ದರೆ ಆಕ್ಸಿಜನ್ ಸುಮ್ನೆ ಏರಿಸಬೇಡಿ. ಸಾಮಾನ್ಯವಾಗಿ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಶೇ. 88-92 ಸಾಕು.

ಪ್ರಶ್ನೆ ಕೇಳಿದವರು: ಇಲ್ಲ ಅಂದ್ರು ಅಕ್ಕಾ. ಹಾಸಿಗೆ ಬದಲಿಸುವಾಗ ದಿಂಬಿನ ಕೆಳಗೆ ಕಟ್ಟು ಸಿಕ್ಕಿತು!