ವೈದ್ಯವೃತ್ತಿಯ ಜೊತೆಗೆ ಸಂಶೋಧನಾ ಫೆಲೋಶಿಪ್: ಅರ್ಜಿ ಹಾಕಿದವರು ಅನುಭವ ಹೇಳುವಿರಾ?

ಪ್ರಶ್ನೆ: ಸಹಾಯಕ ಪ್ರಾಧ್ಯಾಪಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಮುಗಿಸಿ ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಗೋವಿನಜೋಳದ ಹೊಲಗಳಲ್ಲಿ ಹಾವು ಕಚ್ಚಿ ನಮ್ಮಲ್ಲಿಗೆ ಬರುವವರ ಪೈಕಿ ಕೆಲವರ ಮೂತ್ರಪಿಂಡ ಏಕೆ ಕೈಕೊಡುತ್ತದೆ, ಯಾರದು ಪೂರ್ತಿ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಕೆಲವು ವರ್ಷ ಬೆನ್ನುಹತ್ತಿ ನೋಡಬೇಕೆಂದಿದ್ದೇನೆ. ಅದಕ್ಕಾಗಿ ಮಾರ್ಗದರ್ಶಕರ ಕೈಕೆಳಗೆ ಸಂಶೋಧನೆ ಕಲಿಯಲು ಸಂಬಳಸಹಿತ ನೆರವು ಕೊಡುವ ಫೆಲೋಶಿಪ್‌ಗೆ ಅರ್ಜಿ ಹಾಕುವ ವಿಚಾರವಿದೆ. ಒಪ್ಪಿರುವ ಮಾರ್ಗದರ್ಶಕರು ಬೆಂಗಳೂರಿನಲ್ಲಿದ್ದಾರೆ. ಮಗು ಚಿಕ್ಕದಿರುವುದರಿಂದ ನಾನು ಊರು ಬಿಡಲಾರೆ. ಸಿಕ್ಕವರು, ಸಿಗದವರು ಇಬ್ಬರೂ ಹೇಳಿದರೆ ಉಪಕಾರವಾಗುತ್ತದೆ.

ಮನೋವೈದ್ಯ, ಧಾರವಾಡ

ಮೇಡಮ್, ನನಗೆ ವೃತ್ತಿಯ ಆರಂಭದಲ್ಲಿರುವ ವೈದ್ಯರಿಗೆ ಕೊಡುವ ಐದು ವರ್ಷಗಳ ಫೆಲೋಶಿಪ್ ಸಿಕ್ಕಿತ್ತು. ಸ್ಕಿಜೋಫ್ರೇನಿಯಾ ಇರುವವರು ಹಳ್ಳಿಗೆ ಮರಳಿದ ಮೇಲೆ ಔಷಧಿಯನ್ನು ಏಕೆ ನಿಲ್ಲಿಸುತ್ತಾರೆ ಎಂಬುದು ನನ್ನ ವಿಷಯ. ಅರ್ಜಿ ಬರೆಯುವ ಕಷ್ಟದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಆದರೆ ನನ್ನ ಪಾಲಿಗೆ ನಿಜವಾದ ಹೋರಾಟ ನಡೆದದ್ದು ಸಮಯಕ್ಕಾಗಿ. ಫೆಲೋಶಿಪ್ ನನ್ನ ಸಂಬಳವನ್ನೇ ಕೊಡುತ್ತಿತ್ತು, ಆದ್ದರಿಂದ ವಿಭಾಗದವರು ನನ್ನ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಳ್ಳಬಹುದಿತ್ತು. ಅವರು ತೆಗೆದುಕೊಳ್ಳಲಿಲ್ಲ. ಸೋಮವಾರ ಮತ್ತು ಗುರುವಾರದ ಓಪಿಡಿ ನನ್ನ ಹೆಸರಿನಲ್ಲೇ ಉಳಿಯಿತು, ಪರೀಕ್ಷಾ ಕರ್ತವ್ಯವೂ ಉಳಿಯಿತು, ನ್ಯಾಯಾಲಯದ ಸಾಕ್ಷಿಗೆ ಹೋಗುವುದೂ ಉಳಿಯಿತು. ಕೊನೆಗೆ ಒಪ್ಪಂದಪತ್ರದ ಪ್ರತಿಯನ್ನು ಹಿಡಿದುಕೊಂಡು, ಸಂಶೋಧನೆಗೆ ಮೀಸಲಾದ ಸಮಯದ ಬಗ್ಗೆ ಸಂಸ್ಥೆಯೇ ಸಹಿ ಮಾಡಿದ್ದ ಸಾಲಿನ ಕೆಳಗೆ ಗೆರೆ ಎಳೆದು, ಮುಖ್ಯಸ್ಥರ ಮೇಜಿನ ಮೇಲೆ ಇಟ್ಟೆ. ಆ ದಿನದಿಂದ ವಿಭಾಗದಲ್ಲಿ ಕೆಲವರು ನನ್ನೊಂದಿಗೆ ಚಹಾಕ್ಕೆ ಬರುವುದನ್ನು ಬಿಟ್ಟರು. ಆದರೂ ಆ ಕಾಗದ ಇಲ್ಲದಿದ್ದರೆ ನನ್ನ ಅಧ್ಯಯನ ಮುಗಿಯುತ್ತಿರಲಿಲ್ಲ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ಸಂದರ್ಶನದಲ್ಲಿ ವಿಷಯಜ್ಞಾನವನ್ನು ಕೇಳಿದ್ದು ಕಡಿಮೆ. ಐದು ವರ್ಷಗಳ ನಂತರ ನಿಮ್ಮ ಮಾರ್ಗದರ್ಶಕರ ಬಳಿ ಇಲ್ಲದ ಯಾವ ಕೌಶಲ ನಿಮ್ಮ ಬಳಿ ಇರುತ್ತದೆ ಎಂದು ಕೇಳಿದರು. ಗುಣಾತ್ಮಕ ಸಂದರ್ಶನವನ್ನು ಸಂಖ್ಯಾಶಾಸ್ತ್ರದೊಂದಿಗೆ ಬೆಸೆಯುವ ವಿಧಾನವನ್ನು ನಾನು ಎಲ್ಲಿ, ಯಾರಿಂದ, ಯಾವ ವರ್ಷ ಕಲಿಯುತ್ತೇನೆಂದು ಬರೆದಿದ್ದ ಪುಟವೇ ನನ್ನನ್ನು ಉಳಿಸಿತು. ಇಂದು ನಾನು ಸ್ವಂತ ತಂಡ ಕಟ್ಟಿದ್ದೇನೆ, ಅದರ ಬಗ್ಗೆ ಹೆಮ್ಮೆಯಿದೆ.

ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ಹುಬ್ಬಳ್ಳಿ

ಸಿಕ್ಕವರು ಹೀಗೆ ಹೇಳುವುದು ಸುಲಭ. ನಾನು ಸಂದರ್ಶನದವರೆಗೆ ಹೋಗಿ ವಾಪಸು ಬಂದವನು. ಗುಟ್ಕಾ ತಿನ್ನುವವರ ಬಾಯಿಯಲ್ಲಿ ಕಾಣುವ ಬಿಳಿ ಮಚ್ಚೆಗಳಲ್ಲಿ ಯಾವುದು ಕ್ಯಾನ್ಸರ್ ಆಗುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಈ ಭಾಗದಲ್ಲಿ ಅದಕ್ಕಿಂತ ತುರ್ತಾದ ಪ್ರಶ್ನೆ ಇದೆಯೆಂದು ನಾನು ಇಂದಿಗೂ ಒಪ್ಪುವುದಿಲ್ಲ.

ಖರ್ಚು ಕೇಳಿ. ಪ್ರಾಥಮಿಕ ಅರ್ಜಿ ದಾಟಿದ ಮೇಲೆ ಪೂರ್ಣ ಅರ್ಜಿಗಾಗಿ ಸಂಬಳರಹಿತ ರಜೆ ಹಾಕಿದೆ. ಸಂಜೆಯ ಕ್ಲಿನಿಕ್ ಮುಚ್ಚಿದ್ದರೂ ವಿದ್ಯಾನಗರದಲ್ಲಿ ತಿಂಗಳಿಗೆ 28,000 ರೂಪಾಯಿ ಬಾಡಿಗೆ ಕಟ್ಟುತ್ತಲೇ ಇದ್ದೆ. ರಿಸೆಪ್ಷನ್ ಹುಡುಗಿಯನ್ನು ಬಿಡಿಸಲು ಮನಸ್ಸಾಗದೆ ಅವಳ ಸಂಬಳವನ್ನೂ ಕೊಟ್ಟೆ. ಸ್ಯಾಂಪಲ್ ಸೈಜ್, ಅಂದರೆ ಅಧ್ಯಯನಕ್ಕೆ ಎಷ್ಟು ರೋಗಿಗಳು ಬೇಕೆಂಬ ಲೆಕ್ಕ ಹಾಕಿಕೊಟ್ಟ ಖಾಸಗಿ ಸಂಖ್ಯಾಶಾಸ್ತ್ರಜ್ಞರಿಗೆ 40,000, ಇಂಗ್ಲಿಷ್ ತಿದ್ದಿಕೊಟ್ಟವರಿಗೆ 15,000. ವಿಮರ್ಶಕರು ಆ ಸ್ಯಾಂಪಲ್ ಸೈಜ್‌ನಲ್ಲಿಯೇ ತಪ್ಪು ಹುಡುಕಿದರು. ಮಧ್ಯದಲ್ಲಿ ಬಿಟ್ಟು ಹೋಗುವ ರೋಗಿಗಳ ಪ್ರಮಾಣವನ್ನು ಸೇರಿಸಿಲ್ಲವೆಂದು ಬರೆದಿದ್ದರು. ಇನ್ನೊಬ್ಬರು ನನ್ನ ಮಾರ್ಗದರ್ಶಕರ ಕೈಕೆಳಗೆ ಈಗಾಗಲೇ ಹಲವರಿದ್ದಾರೆ, ಇವರಿಗೆ ಎಷ್ಟು ಸಮಯ ಸಿಕ್ಕೀತು ಎಂದು ಬರೆದಿದ್ದರು. ದೊಡ್ಡ ಹೆಸರಿನವರನ್ನು ಹಿಡಿಯಿರಿ ಎಂದು ಉಪದೇಶಿಸಿದವರೆಲ್ಲ ಆಗ ಎಲ್ಲಿದ್ದರು? ಬೆಂಗಳೂರು, ಪುಣೆ, ವೆಲ್ಲೂರಿನ ಗೋಡೆಗಳಾಚೆ ಈ ಹಣ ಬರುವುದು ಅಪರೂಪ. ನಾನು ಕಾಲೇಜು ಬಿಟ್ಟು ಪೂರ್ತಿ ಪ್ರಾಕ್ಟೀಸಿಗೆ ಇಳಿದೆ. ನನ್ನ ನಿರ್ಧಾರ ಸರಿಯಾಗಿಯೇ ಇದೆ.

ಮನೋವೈದ್ಯ, ಧಾರವಾಡ

ಸರ್, ನಾನು ಧಾರವಾಡದಲ್ಲೇ ಕುಳಿತು ಮಾಡಿದ್ದೇನೆ. ನಿಮಗೆ ಸಿಗದಿದ್ದುದಕ್ಕೆ ಊರನ್ನು ದೂರಬೇಡಿ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಗರ್ಭಿಣಿಯರ ರಕ್ತಹೀನತೆಯ ಮೇಲೆ ಅಂತರರಾಷ್ಟ್ರೀಯ ಮಟ್ಟದ ಅಧ್ಯಯನಗಳನ್ನು ನಡೆಸುತ್ತಿರುವುದು ಇದೇ ಉತ್ತರ ಕರ್ನಾಟಕದಲ್ಲಿ.

ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ಹುಬ್ಬಳ್ಳಿ

ಅಲ್ಲಿ ಹಲವು ವರ್ಷಗಳಿಂದ ಕಟ್ಟಿಕೊಂಡು ಬಂದ ವ್ಯವಸ್ಥೆಯಿದೆ, ಕ್ಷೇತ್ರ ಸಿಬ್ಬಂದಿಯಿದ್ದಾರೆ. ಅದನ್ನು ಒಬ್ಬಂಟಿ ಸಹಾಯಕ ಪ್ರಾಧ್ಯಾಪಕರ ಪರಿಸ್ಥಿತಿಗೆ ಹೋಲಿಸುವುದು ನ್ಯಾಯವಲ್ಲ. ನಿಮಗೆ ಶಸ್ತ್ರಚಿಕಿತ್ಸಾ ಕೊಠಡಿಯ ಪಟ್ಟಿಯೂ ಇರಲಿಲ್ಲ. ಮನೋವೈದ್ಯರ ವೇಳಾಪಟ್ಟಿಯನ್ನು ನಮ್ಮದರ ಪಕ್ಕ ಇಟ್ಟು ಮಾತನಾಡಬೇಡಿ.

ಮಕ್ಕಳ ತಜ್ಞೆ, ಗದಗ

ಇಬ್ಬರೂ ದೊಡ್ಡ ಫೆಲೋಶಿಪ್ ಬಗ್ಗೆಯೇ ಜಗಳವಾಡುತ್ತಿದ್ದೀರಿ. ನನ್ನದು ಸಣ್ಣ ಅನುದಾನ, ಆದರೆ ಕಲಿಸಿದ್ದು ಸಣ್ಣದಲ್ಲ. ಮುಂಡರಗಿ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಮಕ್ಕಳ ಮೂತ್ರದಲ್ಲಿ ಎಷ್ಟು ಹೋಗುತ್ತದೆ ಎಂದು ಅಳೆಯುವ ಕೆಲಸ ಕೈಗೆತ್ತಿಕೊಂಡಿದ್ದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಎಂಬ ಮಿತಿ ಎಲ್ಲರಿಗೂ ಗೊತ್ತಿದೆ. ಮೂತ್ರದಲ್ಲಿ ಅಳೆಯಲು ಬೇಕಾದ ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಬಗ್ಗೆ ಮಾತ್ರ ಯಾರೂ ನನಗೆ ಮೊದಲು ಹೇಳಿರಲಿಲ್ಲ. ಅದು ವಿದೇಶದಿಂದ ಬರಬೇಕು, ಅದರ ಪೊರೆ ಸವೆಯುತ್ತದೆ, ಸವೆದಂತೆ ಅಳತೆ ನಿಧಾನವಾಗುತ್ತದೆ, ಪ್ರತಿ ಬ್ಯಾಚಿಗೂ ಪ್ರಮಾಣ ಗೊತ್ತಿರುವ ದ್ರಾವಣಗಳನ್ನು ಅಳೆದು ಹೋಲಿಕೆಗೆ ಹೊಸದಾಗಿ ಸ್ಟ್ಯಾಂಡರ್ಡ್ ಗೆರೆ ಹಾಕಬೇಕು. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಇಡುವಂತಿಲ್ಲ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ಶಾಲೆಯೊಂದರಲ್ಲಿ ಸಹಾಯಕಿಯೊಬ್ಬರು ಪ್ಲಾಸ್ಟಿಕ್ ಡಬ್ಬಿಗಳು ಸಾಲದೆಂದು ಹಳೆಯ ಗಾಜಿನ ಸೀಸೆಗಳಿಗೆ ಮಾದರಿ ತುಂಬಿಟ್ಟಿದ್ದರು. ಸೀಸೆಯ ಮೇಲೆ ಅಂಟಿಸಿದ ಕಾಗದದಲ್ಲಿ ಮಕ್ಕಳ ಹೆಸರು ದುಂಡಗೆ ಬರೆದಿತ್ತು. ಅಷ್ಟನ್ನೂ ಚೆಲ್ಲಿ, ಮತ್ತೆ ಶಾಲೆಗೆ ಹೋಗಿ, ಪೋಷಕರ ಒಪ್ಪಿಗೆಪತ್ರವನ್ನು ಮತ್ತೆ ಪಡೆದೆವು.

ಹಣದ ವಿಷಯ. ಮಾರ್ಗದರ್ಶಕರ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖರೀದಿ ಮಾಡುತ್ತಿದ್ದುದರಿಂದ ಸಂಶೋಧನಾ ಸಾಮಗ್ರಿಗೆ 5% ಜಿಎಸ್‌ಟಿ ಲೆಕ್ಕದಲ್ಲಿ ಬಜೆಟ್ ಹಾಕಿದ್ದೆವು. 2022ರ ಜುಲೈನಲ್ಲಿ ಆ ರಿಯಾಯಿತಿ ಹೋಗಿ 18% ಆಯಿತು, ಮಂಜೂರಾದ ಮೊತ್ತ ಮಾತ್ರ ಬದಲಾಗಲಿಲ್ಲ. ಎಲೆಕ್ಟ್ರೋಡ್ ಒಂದು ಕಡಿಮೆ ಕೊಂಡೆವು. 2023ರ ಜನವರಿಯಿಂದ ಜೆಆರ್‌ಎಫ್, ಅಂದರೆ ಯೋಜನೆಯ ಕಿರಿಯ ಸಂಶೋಧಕನ, ಮಾಸಿಕ ವೇತನ 31,000ದಿಂದ 37,000ಕ್ಕೆ ಏರಿತು. ಹುಡುಗನಿಗೆ ಅದು ನ್ಯಾಯವಾಗಿ ಸಿಗಬೇಕಾದದ್ದು, ನಾನು ಸಂತೋಷಪಟ್ಟೆ. ಆದರೆ ಹೆಚ್ಚುವರಿ ಹಣಕ್ಕೆ ಮತ್ತೊಂದು ಪತ್ರ, ಪತ್ರಕ್ಕೆ ಬಳಕೆ ಪ್ರಮಾಣಪತ್ರ, ಪ್ರಮಾಣಪತ್ರಕ್ಕೆ ಲೆಕ್ಕಪರಿಶೋಧಕರ ಸಹಿ, ಆ ಸಹಿಗೆ ನಮ್ಮ ಲೆಕ್ಕಶಾಖೆಯವರು ಬ್ಯಾಂಕಿನ ಬಡ್ಡಿಯನ್ನು ಮೊದಲು ಸರ್ಕಾರಕ್ಕೆ ಮರಳಿಸಬೇಕು. ಬಡ್ಡಿ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯೋಜನೆಗೆ ಪ್ರತ್ಯೇಕ ಖಾತೆಯನ್ನೇ ತೆರೆದಿರಲಿಲ್ಲ. ಖಾತೆ ಬೇರೆ ಮಾಡಿಸದೆ ಮೊದಲ ಕಂತನ್ನು ಮುಟ್ಟಬೇಡಿ ಎಂಬುದು ನನ್ನ ಕಳಕಳಿಯ ಮಾತು.

ಧಾರವಾಡದವರು, ಈಗ ಅಮೆರಿಕದಲ್ಲಿ ಶ್ವಾಸಕೋಶ ತಜ್ಞ

ಸಪ್ತಾಪುರದಲ್ಲಿ ಬೆಳೆದವನು. ಇಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆ23 ಎಂಬ ಅನುದಾನ ಪಡೆದಿದ್ದೇನೆ. ರೋಗಿಗಳ ಮೇಲೆ ನೇರ ಅಧ್ಯಯನ ಮಾಡುವ ವೈದ್ಯರಿಗೆ ಮೂರರಿಂದ ಐದು ವರ್ಷ ಕೊಡುತ್ತಾರೆ. ವರ್ಷದ ಹನ್ನೆರಡು ತಿಂಗಳಲ್ಲಿ ಒಂಬತ್ತು ತಿಂಗಳಷ್ಟು ಶ್ರಮ, ಅಂದರೆ 75%, ಸಂಶೋಧನೆಗೇ ಹೋಗಬೇಕು ಎಂಬುದು ಸಾಮಾನ್ಯ ನಿಯಮ. ಅಮೆರಿಕದ ಪೌರತ್ವ ಅಥವಾ ಕಾಯಂ ವಾಸದ ಹಕ್ಕು ಇಲ್ಲದವರಿಗೆ ಇದು ಇಲ್ಲ. ಗ್ರೀನ್ ಕಾರ್ಡಿಗಾಗಿ ಕಾಯುತ್ತ ನನ್ನ ಅತ್ಯುತ್ತಮ ವರ್ಷಗಳು ಹೋದವು, ಆ ನೋವು ಇನ್ನೂ ಆರಿಲ್ಲ. ಅಭ್ಯರ್ಥಿಯ ಪರಿಚಯ, ಗುರಿಗಳು, ಸಂಶೋಧನಾ ಯೋಜನೆ ಎಲ್ಲ ಸೇರಿ 12 ಪುಟ. ಶಿಫಾರಸು ಪತ್ರಗಳು ಕನಿಷ್ಠ ಮೂರು, ಗರಿಷ್ಠ ಐದು. ಅವು ಗಡುವಿನೊಳಗೆ ಬರದಿದ್ದರೆ ಮುಗಿಯಿತು. ನನ್ನ ಮೂರನೆಯ ಪತ್ರ ಬರೆಯಬೇಕಾದವರು ವಿಮಾನದಲ್ಲಿದ್ದರು, ಆ ಸಂಜೆಯನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಅಂಕ 10ರಿಂದ 90, ಕಡಿಮೆ ಬಂದಷ್ಟು ಒಳ್ಳೆಯದು. ತಿರಸ್ಕೃತವಾದದ್ದನ್ನು ತಿದ್ದಿ ಮರಳಿ ಸಲ್ಲಿಸಲು ಒಂದೇ ಅವಕಾಶ, ಅದಕ್ಕೂ 37 ತಿಂಗಳ ಮಿತಿ. ಅನುದಾನದ ಸಂಬಳದ ಭಾಗ ನನ್ನ ನಿಜವಾದ ಸಂಬಳಕ್ಕೆ ಸಾಲದಾದಾಗ ಉಳಿದದ್ದನ್ನು ವಿಭಾಗ ತುಂಬಬೇಕಾಯಿತು, ತುಂಬಿದ ವಿಭಾಗ ಮರುವರ್ಷವೇ ಐಸಿಯು ವಾರಗಳನ್ನು ಹೆಚ್ಚಿಸಿತು.

ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ಹುಬ್ಬಳ್ಳಿ

ಹಾವೇರಿ ಜಿಲ್ಲೆಯ ಡಾಕ್ಟರ್ ಕೇಳಿದ್ದಕ್ಕೂ ಗ್ರೀನ್ ಕಾರ್ಡಿಗೂ ಏನು ಸಂಬಂಧ?

ಧಾರವಾಡದವರು, ಈಗ ಅಮೆರಿಕದಲ್ಲಿ ಶ್ವಾಸಕೋಶ ತಜ್ಞ

ಸಂಬಂಧವಿದೆ, ಸರ್. ಹಣ ಎಲ್ಲಿಂದಲೇ ಬರಲಿ, ಸಮಯವನ್ನು ಕೊಡಬೇಕಾದವರು ನಿಮ್ಮ ವಿಭಾಗದವರೇ. ಧಾರವಾಡದ ವೈದ್ಯರು ಹೇಳಿದ್ದೂ ಅದನ್ನೇ. ವಿಮರ್ಶಕರು ನಿಮ್ಮ ಮಾರ್ಗದರ್ಶಕರ ಬಗ್ಗೆ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ಹುಬ್ಬಳ್ಳಿ

ನನ್ನ ಮಾರ್ಗದರ್ಶಕರನ್ನು ನೀವು ನೋಡಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಎತ್ತುತ್ತಿದ್ದ ಮನುಷ್ಯರು ಅವರು. ಅವರ ಬಗ್ಗೆ ಹೀಗೆ ಬರೆಯುವ ಅಧಿಕಾರ ನಿಮಗಿಲ್ಲ.

ಬಯೋಕೆಮಿಸ್ಟ್ರಿ ಪಿಎಚ್‌.ಡಿ., ಹುಬ್ಬಳ್ಳಿ

ಇಷ್ಟು ಹೊತ್ತು ಓದಿದೆ. ನಿಮ್ಮ ಎಲೆಕ್ಟ್ರೋಡ್, ನಿಮ್ಮ ಬಯಾಪ್ಸಿ, ನಿಮ್ಮ ಎಲೈಸಾ ಪ್ರಯೋಗಗಳನ್ನು ಕೈಯಾರೆ ಮಾಡುವವರು ಯಾರೆಂದು ಒಬ್ಬರೂ ಬರೆದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2022ರ ನಿಯಮದಲ್ಲಿ ಬೋಧಕರ ಬಡ್ತಿಗೆ ಲೆಕ್ಕವಾಗಲು ಲೇಖನದ ಮೊದಲ ಮೂವರಲ್ಲಿ ಒಬ್ಬರಾಗಿರಬೇಕು ಅಥವಾ ಪತ್ರವ್ಯವಹಾರದ ಲೇಖಕರಾಗಿರಬೇಕು ಎಂದು ಬಂದ ಮೇಲೆ, ಮಾದರಿಯನ್ನು ಒಂದು ದಿನವೂ ಮುಟ್ಟದ ವೈದ್ಯರು ಎರಡನೆಯ, ಮೂರನೆಯ ಸ್ಥಾನಕ್ಕೆ ಬಂದು ಕೂತರು. ನಾನು ನಾಲ್ಕನೆಯವನಾದೆ. ಗದಗದ ಮೇಡಮ್, ನಿಮ್ಮ ಜೆಆರ್‌ಎಫ್ ಹುಡುಗನ ಹೆಸರು ಎಷ್ಟನೆಯದು?

ಮಕ್ಕಳ ತಜ್ಞೆ, ಗದಗ

ಎರಡನೆಯದು. ಮೊದಲ ಲೇಖನ ಬಂದ ದಿನ ಅವನ ತಂದೆ ನರಗುಂದದಿಂದ ನನಗೆ ಫೋನ್ ಮಾಡಿದ್ದರು. ನಿಮಗೆ ಅನ್ಯಾಯ ಮಾಡಿದವರ ಸಿಟ್ಟನ್ನು ನನ್ನ ಮೇಲೆ ಹಾಕಬೇಡಿ.

ಪ್ರಶ್ನೆ ಕೇಳಿದ ಸಹಾಯಕ ಪ್ರಾಧ್ಯಾಪಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಧನ್ಯವಾದಗಳು. ಒಂದು ವಿಷಯ ಇನ್ನೂ ಸ್ಪಷ್ಟವಾಗಿಲ್ಲ. ಬೋಧಕರಿಗೆ 75% ಹಾಜರಾತಿ ಕಡ್ಡಾಯ, ಅದೂ ಕಾಲೇಜಿನ ಆವರಣದಲ್ಲೇ ಮುಖ ತೋರಿಸಿ ದಾಖಲಾಗಬೇಕು. ಹಳ್ಳಿಗೆ ರೋಗಿಗಳ ಮರುಭೇಟಿಗೆ ಹೋದ ದಿನಗಳು, ಬೆಂಗಳೂರಿಗೆ ಹೋದ ದಿನಗಳು ಹೇಗೆ ಲೆಕ್ಕವಾಗುತ್ತವೆ?

ಮನೋವೈದ್ಯ, ಧಾರವಾಡ

ನನ್ನ ಕಾಲದಲ್ಲಿ ಸಹಿಪುಸ್ತಕವಿತ್ತು, ಈಗಿನ ತೊಡಕು ಬೇರೆ. ನಿಮ್ಮ ನಿರ್ದೇಶಕರಿಗೆ ನಿಜವಾದ ಭಯ ಬೋಧಕರ ಕೊರತೆ ತೋರಿದರೆ ಕಾಲೇಜಿಗೆ ಬರುವ ನೋಟಿಸಿನದು. ಆದ್ದರಿಂದ ಅರ್ಜಿಗೆ ಮೊದಲೇ ಅವರಿಂದ ಲಿಖಿತ ಆದೇಶ ಪಡೆಯಿರಿ: ಕ್ಷೇತ್ರಕಾರ್ಯದ ದಿನ ಕರ್ತವ್ಯದ ಮೇಲೆ ಎಂದು, ಮಾರ್ಗದರ್ಶಕರಲ್ಲಿಗೆ ಹೋಗುವ ದಿನಗಳೂ ಹಾಗೆಯೇ ಎಂದು, ಪೂರ್ಣಾವಧಿಯಾದರೆ ಹುದ್ದೆಯ ಮೇಲಿನ ಲೀನ್, ಅಂದರೆ ಅದಕ್ಕೆ ಮರಳುವ ಹಕ್ಕು, ಉಳಿಯುತ್ತದೆ ಎಂದು. ಬಾಯಿಮಾತಿನ ಒಪ್ಪಿಗೆ ನಿರ್ದೇಶಕರು ಬದಲಾದ ದಿನವೇ ಹೋಗುತ್ತದೆ.

ಮಕ್ಕಳ ತಜ್ಞೆ, ಗದಗ

ಇನ್ನೊಂದು ಮಾತು. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಜಿಲ್ಲೆಗೆ ಹೋಗುವ ಆ ವರದಿಗಳನ್ನು ಅಧ್ಯಯನಕ್ಕೆ ಬಳಸಲು ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿಯನ್ನು ಈಗಲೇ ಕೇಳಿ, ಎಥಿಕ್ಸ್ ಕಮಿಟಿಗೆ ಹಾಕುವ ಪ್ರಸ್ತಾವದಲ್ಲಿಯೇ ಸೇರಿಸಿ. ಬೆಂಗಳೂರಿನ ಯಾವ ಅಭ್ಯರ್ಥಿಯ ಬಳಿಯೂ ಇಲ್ಲದ ಬಲ ಅದು.

ಬಯೋಕೆಮಿಸ್ಟ್ರಿ ಪಿಎಚ್‌.ಡಿ., ಹುಬ್ಬಳ್ಳಿ

ಗದಗದ ಮೇಡಮ್ ಅವರ ಉತ್ತರವನ್ನು ಒಪ್ಪುತ್ತೇನೆ, ಅವರ ಬಗ್ಗೆ ನನಗೆ ಗೌರವವಿದೆ. ಹಾವೇರಿ ಜಿಲ್ಲೆಯ ಮೇಡಮ್, ಸೀರಮ್ ಮಾದರಿಗಳನ್ನು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಡುವವರು ಯಾರು, ರಾತ್ರಿ ವಿದ್ಯುತ್ ಹೋದರೆ ಓಡಿ ಬರುವವರು ಯಾರು ಎಂಬುದನ್ನು ಅರ್ಜಿಯಲ್ಲಿ ಹೆಸರು ಸಹಿತ ಬರೆಯಿರಿ, ಲೇಖಕರ ಕ್ರಮವನ್ನೂ ಮೊದಲ ಮಾದರಿ ತೆಗೆಯುವ ಮೊದಲೇ ಕಾಗದದ ಮೇಲೆ ಇಡಿ. ಹುಬ್ಬಳ್ಳಿಯ ಸರ್ಜನ್ ಸಾಹೇಬರಿಗೂ ಒಂದು ಪ್ರಶ್ನೆ: ನಿಮ್ಮ ಆ ಅರ್ಜಿಯಲ್ಲಿ ಪ್ರಯೋಗಾಲಯದವರ ಹೆಸರು ಎಲ್ಲಿತ್ತು?

ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ಹುಬ್ಬಳ್ಳಿ

ಸಹ ಸಂಶೋಧಕರ ಪಟ್ಟಿಯಲ್ಲಿ, ನನ್ನ ಹೆಸರಿನ ನಂತರದ ಸಾಲಿನಲ್ಲಿಯೇ ಇತ್ತು. ಪೆಥಾಲಜಿಯ ಮೇಡಮ್ ಅವರನ್ನು ಕೇಳಿದ ನಂತರವೇ ಬರೆದದ್ದು. ಅರ್ಜಿಯ ಪ್ರತಿ ಇನ್ನೂ ನನ್ನ ಬಳಿ ಇದೆ, ಹಾವೇರಿಯ ಡಾಕ್ಟರ್ ಬಯಸಿದರೆ ವಿಮರ್ಶಕರ ಟಿಪ್ಪಣಿಗಳ ಸಮೇತ ಅವರಿಗೆ ಕಳುಹಿಸುತ್ತೇನೆ. ಮಧ್ಯದಲ್ಲಿ ಬಿಟ್ಟು ಹೋಗುವ ರೋಗಿಗಳ ಲೆಕ್ಕವನ್ನು ಅವರು ಅದನ್ನು ನೋಡಿ ಹಾಕಿಕೊಳ್ಳಲಿ.