ಸಹಾಯ ಬೇಕು: ನಮ್ಮ ಸೂರಿನ ಬಾವಲಿ ಯಾವ ಜಾತಿಯದು?

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಸಂಜೆ ಸೂರ್ಯ ಮುಳುಗಿ 20 ನಿಮಿಷಕ್ಕೆಲ್ಲ ನಮ್ಮ ಹೆಂಚಿನ ಸಂದಿಯಿಂದ ಪುಟ್ಟ ಬಾವಲಿಗಳು ಒಂದೊಂದೇ ಹೊರಬೀಳುತ್ತವೆ. ನಿನ್ನೆ ಮಗಳೂ ನಾನೂ ಕೂತು ಎಣಿಸಿದೆವು, 43! ಊರಲ್ಲಿ ಆಲದ ಮರಕ್ಕೆ ಜೋತುಬಿದ್ದ ದೊಡ್ಡ ಬಾವಲಿಗಳನ್ನು ನೋಡಿ ಬೆಳೆದವಳು ನಾನು. ಸುಮಾರು 5 ಗ್ರಾಂ ತೂಗುವ, ಹೆಬ್ಬೆರಳಿನಷ್ಟು ಮೈಯ ಈ ಜೀವ ನನಗೆ ದಿನಾ ಬೆರಗು.

ಪಿಪಿಸ್ಟ್ರೆಲ್ ಅನ್ನುವ ಪುಟ್ಟ ಬಾವಲಿಗಳ ಗುಂಪಿನದು ಅನ್ನುವಷ್ಟು ಗೊತ್ತಾಗಿದೆ. ಕಾಮನ್ ಪಿಪಿಸ್ಟ್ರೆಲ್ಲೋ, ಸೊಪ್ರಾನೋ ಪಿಪಿಸ್ಟ್ರೆಲ್ಲೋ? ಇವೆರಡೂ ಎಷ್ಟು ಹೋಲುತ್ತವೆಂದರೆ 1990ರ ದಶಕದವರೆಗೂ ಒಂದೇ ಜಾತಿ ಎಂದುಕೊಂಡಿದ್ದರು. ಕೂಗಿನಿಂದಲೇ ಗುರುತು: ಕಾಮನ್‌ನದು 45 ಕಿಲೋಹರ್ಟ್ಜ್ ಆಸುಪಾಸು, ಸೊಪ್ರಾನೋದು 55. ನಮ್ಮ ಡಿಟೆಕ್ಟರ್‌ನಲ್ಲಿ (ನಮ್ಮ ಕಿವಿಗೆ ನಿಲುಕದ ಬಾವಲಿ ಕೂಗನ್ನು ಕೇಳಿಸುವ ಸಾಧನ) ಜೋರಾಗಿ ಕೇಳುವುದು ನಟ್ಟನಡುವೆ, 50ಕ್ಕೆ!

ಕಾಮನ್‌ನ ಮುಖ ಕಪ್ಪು, ಇನ್ನೊಂದರದು ತಿಳಿಗೆಂಪು ಅಂತ ಓದಿದ್ದೇನೆ. ಆದರೆ ಹಿಡಿದು ನೋಡುವಂತಿಲ್ಲ. ಇಲ್ಲಿ ಬಾವಲಿಗೂ ಅದು ತಂಗುವ ಜಾಗಕ್ಕೂ ಕಾನೂನಿನ ರಕ್ಷಣೆ ಇದೆ. ಮೇಲಾಗಿ ಈಗ ಜೂನ್, ಒಳಗೆ ಮರಿಗಳಿರಬಹುದು. ಹಿಡಿಯುವ ಮನಸ್ಸೂ ನನಗಿಲ್ಲ.

ಸೊಪ್ರಾನೋಗೆ ನೀರಿನ ಬದಿ ಇಷ್ಟವಂತೆ, ಕೆನೆಟ್ ನದಿ ನಮಗೆ 5 ನಿಮಿಷದ ನಡಿಗೆ. ಸೂರಿನ ಹತ್ತಿರ ಬಿಟ್ಟು ಬಯಲಲ್ಲಿ ಹಾರುವಾಗ ಕೇಳಿದರೆ ಸರಿಯಾದ ಅಂಕಿ ಸಿಗುತ್ತದೆಯೇ? ಡಿಟೆಕ್ಟರ್ ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ, ರೆಕಾರ್ಡಿಂಗ್ ಕಳಿಸುತ್ತೇನೆ.