ಕ್ಲೌಡ್ ಪ್ರಸ್ತಾವನೆಯ ಕಡತ ಮೂರನೇ ಸಲ ‘ಚರ್ಚಿಸಿ’ ಎಂದು ಮರಳಿದೆ: ಸರ್ಕಾರಿ ಕಚೇರಿಗಳ ಹಿಂಜರಿಕೆಗೆ ನಿಜವಾದ ಕಾರಣವೇನು?

ನವನಗರ ನಿವಾಸಿ, ಬಾಗಲಕೋಟೆ

ಮಾನ್ಯರೇ,

ನಾನು ಬಾಗಲಕೋಟೆ ಜಿಲ್ಲೆಯ ಒಂದು ಕಚೇರಿಯಲ್ಲಿ ಗಣಕ ವಿಭಾಗದ ಕೆಲಸ ನೋಡಿಕೊಳ್ಳುತ್ತೇನೆ; ಕಚೇರಿಯ ಹೆಸರು ಇಲ್ಲಿ ಬೇಡ. ನಮ್ಮ ಸರ್ವರ್ ಇರುವುದು ಹಳೆಯ ದಾಖಲೆ ಕೊಠಡಿಯ ಮೂಲೆಯಲ್ಲಿ. ಎಸಿ ಕೆಟ್ಟು ಎರಡು ಬೇಸಿಗೆ ಕಳೆದಿವೆ. ಯುಪಿಎಸ್‌ನ ಬ್ಯಾಟರಿಗಳಲ್ಲಿ ಒಂದು ಉಬ್ಬಿಕೊಂಡು ಪೆಟ್ಟಿಗೆಯ ಬಾಗಿಲು ಮುಚ್ಚದಂತಾಗಿದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಪಕ್ಕದ ಶಾಖೆಯ ಟೇಬಲ್ ಫ್ಯಾನ್ ತಂದು ಸರ್ವರಿನ ಹಿಂಬದಿಗೆ ಇಡುತ್ತೇವೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಬಂದಾಗ ನಾನು ನದಿ ದಂಡೆಯ ಇನ್ನೊಂದು ಊರಿನಲ್ಲಿದ್ದೆ. ಅಲ್ಲಿ ಸಿಪಿಯುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟಂಟಂನಲ್ಲಿ ಹಾಕಿಕೊಂಡು ಎತ್ತರದ ಶಾಲೆಯೊಂದಕ್ಕೆ ಸಾಗಿಸಿದ್ದೆವು. ನೀರು ಇಳಿದ ಮೇಲೆ ನೆನೆದ ಕಾಗದಗಳನ್ನು ಅಂಗಳದಲ್ಲಿ ಹರವಿ ಎಷ್ಟೋ ಕಡತಗಳನ್ನು ಉಳಿಸಿಕೊಂಡೆವು, ಆದರೆ ಮೇಜಿನ ಕೆಳಗೆ ಮರೆತು ಬಿಟ್ಟಿದ್ದ ಒಂದು ಹಾರ್ಡ್‌ಡಿಸ್ಕ್ ಮತ್ತೆ ತೆರೆಯಲೇ ಇಲ್ಲ.

ಆ ಅನುಭವದಿಂದಲೇ ನಮ್ಮ ದಾಖಲೆಗಳ ಸ್ಕ್ಯಾನ್ ಪ್ರತಿಗಳನ್ನೂ ಅರ್ಜಿ ಸ್ವೀಕರಿಸುವ ತಂತ್ರಾಂಶವನ್ನೂ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸಿ ಬಳಕೆಗೆ ತಕ್ಕಂತೆ ಹಣ ಕೊಡುವ ದೂರದ ದತ್ತಾಂಶ ಕೇಂದ್ರದ ಸರ್ವರುಗಳಿಗೆ, ಸಾಗಿಸಬೇಕೆಂದು ಟಿಪ್ಪಣಿ ಮಂಡಿಸಿದೆ. ಕಡತ ಮೂರು ಸಲ ಮರಳಿದೆ. ಪ್ರತಿ ಸಲವೂ ಅಂಚಿನಲ್ಲಿ ‘ಚರ್ಚಿಸಿ’ ಎಂಬ ಒಂದೇ ಮಾತು, ಕೆಳಗೆ ಸಹಿ. ಚರ್ಚೆಗೆ ಹೋದರೆ ಒಮ್ಮೆ ದತ್ತಾಂಶ ಪರದೇಶಕ್ಕೆ ಹೋಗುತ್ತದೆ ಎನ್ನುತ್ತಾರೆ, ಇನ್ನೊಮ್ಮೆ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಎಂದು ಕೇಳುತ್ತಾರೆ. ನಮ್ಮ ಹಿರಿಯ ಸಹಾಯಕರೊಬ್ಬರಂತೂ, “ಮೋಡಾ ನಂಬಿ ಬಿತ್ತಿಗಿ ಮಾಡಬ್ಯಾಡ್ರಿ ಸರ” ಎಂದು ನಕ್ಕುಬಿಟ್ಟರು. ಕೇಂದ್ರ ಸರ್ಕಾರವೇ 2013ರಲ್ಲಿ ‘ಮೇಘರಾಜ್’ ಎಂಬ ಸರ್ಕಾರಿ ಕ್ಲೌಡ್ ನೀತಿಯನ್ನು ಪ್ರಕಟಿಸಿ, 2014ರಲ್ಲಿ ತನ್ನ ಗಣಕ ಸಂಸ್ಥೆ ಎನ್‌ಐಸಿಯ ರಾಷ್ಟ್ರೀಯ ಕ್ಲೌಡ್ ಆರಂಭಿಸಿ ಹತ್ತು ವರ್ಷಕ್ಕಿಂತ ಹೆಚ್ಚಾಗಿರುವಾಗಲೂ ಈ ಹಿಂಜರಿಕೆ ಏಕೆ? ಇದು ತಿಳಿವಳಿಕೆಯ ಕೊರತೆಯೋ, ನನಗೆ ಕಾಣದ ಬೇರೆ ಕಾರಣವಿದೆಯೋ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹಳೆಯ ಲೆಕ್ಕಿಗ, ವಿಜಯಪುರ

ನವನಗರದವರೇ, ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲೆಕ್ಕಪತ್ರ ಶಾಖೆಯಲ್ಲಿ ದುಡಿದು ನಿವೃತ್ತನಾದವನು. ತಾಂತ್ರಿಕ ವಿಷಯದಲ್ಲಿ ನನ್ನ ಮಾತಿಗೆ ತೂಕವಿಲ್ಲ. ಆದರೆ ‘ಚರ್ಚಿಸಿ’ ಎಂದು ಬರೆದವರು ಏನನ್ನು ಯೋಚಿಸುತ್ತಿದ್ದರು ಎಂಬುದನ್ನು ಬಹುಮಟ್ಟಿಗೆ ಹೇಳಬಲ್ಲೆ, ಏಕೆಂದರೆ ಆ ಪದವನ್ನು ನಾನೂ ಸಾಕಷ್ಟು ಸಲ ಬರೆಸಿದ್ದೇನೆ.

ನಮ್ಮ ವ್ಯವಸ್ಥೆ ಕಟ್ಟಿಕೊಂಡಿರುವುದು ವಸ್ತುವನ್ನು ಖರೀದಿಸುವುದಕ್ಕಾಗಿ. ಸರ್ವರ್ ಕೊಂಡರೆ ಅಂದಾಜು ಪಟ್ಟಿ ಇರುತ್ತದೆ, ಟೆಂಡರ್ ಇರುತ್ತದೆ, ಪೆಟ್ಟಿಗೆ ಬಂದಿಳಿದ ದಿನ ದಾಸ್ತಾನು ವಹಿಯಲ್ಲಿ ನಮೂದಾಗುತ್ತದೆ. ವರ್ಷಾಂತ್ಯದ ಭೌತಿಕ ಪರಿಶೀಲನೆಗೆ ಬಂದವರಿಗೆ ಅದನ್ನು ಕೈಯಿಂದ ಮುಟ್ಟಿ ತೋರಿಸಬಹುದು. ಅದು ಮೂರು ವರ್ಷದಿಂದ ಕೆಟ್ಟು ಬಿದ್ದಿದ್ದರೂ ಯಾರಿಗೂ ಆಕ್ಷೇಪಣೆ ಇಲ್ಲ. ಕ್ಲೌಡ್‌ಗೆ ಹಣ ಕೊಟ್ಟರೆ ವಹಿಯಲ್ಲಿ ನಮೂದಿಸಲು ಏನೂ ಇಲ್ಲ. ಮೇಲಾಗಿ ಬಿಲ್ಲು ಬಳಕೆಯ ಮೇಲೆ ಬರುವುದರಿಂದ ಈ ತಿಂಗಳು ಒಂದು ಮೊತ್ತ, ಅರ್ಜಿ ಕರೆದ ತಿಂಗಳು ಅದರ ಎರಡು ಪಟ್ಟು. ಮಂಜೂರಾದ ಮೊತ್ತ ಮೀರಿದರೆ ಸಹಿ ಮಾಡಿದ ಅಧಿಕಾರಿ ಉತ್ತರ ಕೊಡಬೇಕು, ಉಳಿದರೆ ಮಾರ್ಚ್ 31ಕ್ಕೆ ಅನುದಾನ ಹಿಂದಿರುಗುತ್ತದೆ. ಲೆಕ್ಕ ಪರಿಶೋಧನೆಯ ಆಕ್ಷೇಪಣೆಯೊಂದು ನಿವೃತ್ತಿಯ ಕಾಗದಪತ್ರಗಳವರೆಗೆ ಬೆನ್ನು ಹತ್ತಿ ಬರುವುದನ್ನು ಕಂಡವರು ‘ಚರ್ಚಿಸಿ’ ಎನ್ನದೆ ಇನ್ನೇನು ಬರೆದಾರು? ಅವರು ಕಂಪ್ಯೂಟರಿಗೆ ಹೆದರುವುದಿಲ್ಲ ಎಂಬುದಕ್ಕೆ ‘ಭೂಮಿ’ ಯೋಜನೆಯೇ ಸಾಕ್ಷಿ. ಇಪ್ಪತ್ತು ವರ್ಷಗಳ ಹಿಂದೆಯೇ ಇದೇ ಸಿಬ್ಬಂದಿ ಕೈಬರಹದ ಪಹಣಿಯನ್ನು ಬಿಟ್ಟುಕೊಟ್ಟು ಗಣಕದ ಮುಂದೆ ಕುಳಿತರು.

ದಾರಿ ಇಲ್ಲವೆಂದಲ್ಲ. ನಮ್ಮ ಯಾವ ಕಚೇರಿಯಲ್ಲೂ ಹೆಸ್ಕಾಂ ಬಿಲ್ಲಿಗೆ ದಾಸ್ತಾನು ವಹಿಯಲ್ಲಿ ನಮೂದು ಕೇಳುವುದಿಲ್ಲ, ಪ್ರತಿ ತಿಂಗಳು ಅದೇ ಮೊತ್ತ ಬರಬೇಕೆಂದೂ ಹೇಳುವುದಿಲ್ಲ. ಅಲ್ಲಿ ಮೀಟರ್ ಇದೆ, ದರ ಗೊತ್ತಿದೆ. ನಿಮ್ಮ ಟಿಪ್ಪಣಿಯಲ್ಲಿ ಕ್ಲೌಡನ್ನು ಯಂತ್ರೋಪಕರಣದ ಸಾಲಿನಿಂದ ತೆಗೆದು ವಿದ್ಯುತ್ತು, ದೂರವಾಣಿಗಳ ಸಾಲಿಗೆ ಸೇರಿಸಿ. ಘಟಕ ದರ ನಿಗದಿಪಡಿಸಿ, ವಾರ್ಷಿಕ ಗರಿಷ್ಠ ಮಿತಿ ಹಾಕಿ.

ಅನಗೋಳದ ತಂತ್ರಜ್ಞ, ಬೆಳಗಾವಿ

ಹಿರಿಯರು ಕೊಟ್ಟ ಮೀಟರಿನ ಹೋಲಿಕೆ ಚೆನ್ನಾಗಿದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2011ರಲ್ಲಿ ಕೊಟ್ಟ ಪ್ರಸಿದ್ಧ ವ್ಯಾಖ್ಯೆಯಲ್ಲಿ ಕ್ಲೌಡ್‌ನ ಐದು ಲಕ್ಷಣಗಳಲ್ಲಿ ಒಂದು ಅಳೆದು ಕೊಡುವ ಸೇವೆಯೇ ಆಗಿದೆ.

‘ದತ್ತಾಂಶ ಪರದೇಶಕ್ಕೆ ಹೋಗುತ್ತದೆ’ ಎಂಬುದು ಹಳೆಯ ಮಾತು. ದೊಡ್ಡ ವಿದೇಶಿ ಕಂಪನಿಗಳು 2015–16ರಲ್ಲಿಯೇ ಮುಂಬೈ, ಪುಣೆ, ಚೆನ್ನೈಗಳಲ್ಲಿ ದತ್ತಾಂಶ ಕೇಂದ್ರ ತೆರೆದಿವೆ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಮಾನ್ಯ ಕ್ಲೌಡ್ ಕಂಪನಿಗಳ ಪಟ್ಟಿಗೆ ಸೇರಬೇಕಾದ ಕಂಪನಿಯು ಸಚಿವಾಲಯದ ಗುಣಮಟ್ಟ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿಯ ಪರಿಶೋಧನೆಗೆ ಒಳಪಡಬೇಕು, ಸರ್ಕಾರದ ದತ್ತಾಂಶವನ್ನು ದೇಶದೊಳಗೇ ಇರಿಸಬೇಕು. ಖಾಸಗಿಯವರೇ ಬೇಡವೆಂದರೆ ಬೆಂಗಳೂರಿನಲ್ಲಿ ರಾಜ್ಯ ದತ್ತಾಂಶ ಕೇಂದ್ರವಿದೆ.

ಇನ್ನು ‘ನಮ್ಮ ಕೋಣೆಯಲ್ಲಿದ್ದರೆ ಭದ್ರ’ ಎಂಬ ನಂಬಿಕೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸ್ವಂತ ಸರ್ವರುಗಳೇ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿ ರೋಗಿಗಳ ನೋಂದಣಿ ದಿನಗಟ್ಟಲೆ ಕೈಬರಹಕ್ಕೆ ಮರಳಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳೂ ಸೈಬರ್ ಘಟನೆಯನ್ನು ಗಮನಿಸಿದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್‌ಗಳನ್ನು, ಅಂದರೆ ಗಣಕದಲ್ಲಿ ಯಾವಾಗ ಏನು ನಡೆಯಿತೆಂಬ ದಾಖಲೆಗಳನ್ನು, ಉಳಿಸಿಕೊಂಡಿರಬೇಕು. ಟೇಬಲ್ ಫ್ಯಾನಿನ ಗಾಳಿಯಲ್ಲಿ ಬದುಕಿರುವ ಸರ್ವರಿನಿಂದ ಇದು ಸಾಧ್ಯವೇ?

ಹಾಗೆಂದು ಕ್ಲೌಡ್‌ಗೆ ಹೋದೊಡನೆ ಹೊಣೆ ಕಂಪನಿಯ ಹೆಗಲಿಗೆ ಜಾರುವುದಿಲ್ಲ. ಕಟ್ಟಡ, ವಿದ್ಯುತ್ತು, ಯಂತ್ರಗಳ ಕಾವಲು ಅವರದು. ಯಾರಿಗೆ ಯಾವ ಕಡತ ತೆರೆಯಲು ಅನುಮತಿ, ಪಾಸ್‌ವರ್ಡ್ ಯಾರ ಬಳಿ ಎಂಬುದು ನಮ್ಮದೇ. ನಾನು ಒಂದು ಕಚೇರಿಗೆ ಹೋದಾಗ ಅಧಿಕಾರಿಯವರ ಡಿಜಿಟಲ್ ಸಹಿ ಹಾಕುವ ಯುಎಸ್‌ಬಿ ಕೀಲಿ (ಡಾಂಗಲ್) ಆಪರೇಟರಿನ ಮೇಜಿನ ಖಾನೆಯಲ್ಲಿ ರಬ್ಬರ್ ಸ್ಟ್ಯಾಂಪ್‌ಗಳ ಜೊತೆ ಬಿದ್ದಿತ್ತು, ಪಿನ್ ಸಂಖ್ಯೆಯನ್ನು ಮಾನಿಟರಿನ ಅಂಚಿಗೆ ಚೀಟಿಯಲ್ಲಿ ಅಂಟಿಸಿದ್ದರು. ಆ ಕಚೇರಿ ಯಾವ ಕ್ಲೌಡ್‌ಗೆ ಹೋದರೂ ಚೀಟಿ ಅಲ್ಲಿಯೇ ಇರುತ್ತದೆ.

ಕೃಷ್ಣಾತೀರ, ಜಮಖಂಡಿ

ಇಬ್ಬರ ಮಾತನ್ನೂ ಓದಿದೆ. ಹಿಂಜರಿಯುವವರ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲವೇ?

ದತ್ತಾಂಶ ಮುಂಬೈಯಲ್ಲಿದೆ ಎಂದಮಾತ್ರಕ್ಕೆ ಸಮಾಧಾನವಾಗುವುದಿಲ್ಲ. 2018ರಲ್ಲಿ ಅಮೆರಿಕ ಮಾಡಿಕೊಂಡ ಕ್ಲೌಡ್ ಕಾಯ್ದೆಯಂತೆ, ಅಲ್ಲಿನ ಕಂಪನಿಯ ಸುಪರ್ದಿಯಲ್ಲಿರುವ ದತ್ತಾಂಶ ಯಾವ ದೇಶದಲ್ಲಿದ್ದರೂ ಅದನ್ನು ಅಮೆರಿಕ ಸರ್ಕಾರ ಕಾನೂನು ಪ್ರಕ್ರಿಯೆಯ ಮೂಲಕ ಕೇಳಬಹುದು. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧಗಳ ನೆಪದಲ್ಲಿ ಮೈಕ್ರೋಸಾಫ್ಟ್ ಭಾರತದ ತೈಲ ಕಂಪನಿ ನಯಾರಾ ಎನರ್ಜಿಗೆ ತನ್ನ ಸೇವೆಗಳನ್ನು ನಿಲ್ಲಿಸಿತ್ತು. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಅವು ಮರಳಿದವು. ನಮ್ಮ ಕಚೇರಿಗೆ ಹಾಗಾದರೆ ಹೈಕೋರ್ಟಿಗೆ ಹೋಗುವವರು ಯಾರು?

ಸರ್ಕಾರದ್ದೇ ಕ್ಲೌಡ್ ಆದರೆ ಸಾಕು ಎನ್ನುವವರು ದಕ್ಷಿಣ ಕೊರಿಯಾವನ್ನು ನೋಡಬೇಕು. 2025ರ ಸೆಪ್ಟೆಂಬರ್ 26ರಂದು ತೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹೊತ್ತಿಕೊಂಡಿತು, 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ಒಮ್ಮೆಲೇ ನಿಂತವು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ನ ಸುಮಾರು 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು; ಅದಕ್ಕೆ ಹೊರಗೆಲ್ಲೂ ನಕಲು ಪ್ರತಿ ಇರಲಿಲ್ಲ. ನವನಗರದವರೇ, ನಿಮ್ಮ ಉಬ್ಬಿದ ಬ್ಯಾಟರಿಯನ್ನು ಮೊದಲು ತೆಗೆಸಿಬಿಡಿ, ಅದಕ್ಕೆ ಯಾರ ಅನುಮೋದನೆಯೂ ಬೇಡ.

ಇನ್ನೊಂದು, ಬೆಂಗಳೂರಿನಲ್ಲಿ ಕುಳಿತು ಬರೆಯುವವರಿಗೆ ಹೊಳೆಯದ್ದು. ನಮ್ಮ ತಾಲ್ಲೂಕಿನಲ್ಲಿ ರಸ್ತೆ ಅಗಲ ಮಾಡಲು ಜೆಸಿಬಿ ಬಂದ ದಿನ ಕೇಬಲ್ ತುಂಡಾಗುತ್ತದೆ. ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎಂಬ ಮಾತು ಕೇಳಿ ಕೂಲಿ ಕಳೆದುಕೊಂಡು ಊರಿಗೆ ಮರಳುವವರಿಗೆ ಆ ಸರ್ವರ್ ಎಲ್ಲಿದ್ದರೇನು? ಎರಡನೇ ಸಂಪರ್ಕದ ವ್ಯವಸ್ಥೆ ಇಲ್ಲದೆ ಕ್ಲೌಡ್‌ಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಅನಗೋಳದ ತಂತ್ರಜ್ಞ, ಬೆಳಗಾವಿ

ಜಮಖಂಡಿಯವರ ಆಕ್ಷೇಪಣೆಗಳು ನ್ಯಾಯವಾದವು. ಆದರೆ ಕೊರಿಯಾದ ಪ್ರಕರಣ ಕ್ಲೌಡ್‌ನ ವಿರುದ್ಧದ ಸಾಕ್ಷಿಯಲ್ಲ, ಎಲ್ಲವನ್ನೂ ಒಂದೇ ಸೂರಿನಡಿ ಇಡುವುದರ ವಿರುದ್ಧದ್ದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬ ಹಳೆಯ ನಿಯಮ ಇಲ್ಲಿಗೂ ಸಲ್ಲುತ್ತದೆ. ಕೊನೆಯ ಪ್ರತಿಯಿಂದ ಮೂರು ತಿಂಗಳಿಗೊಮ್ಮೆ ನಾಲ್ಕಾರು ಕಡತಗಳನ್ನು ಮರಳಿ ತೆರೆದು ನೋಡಬೇಕು. ನೋಡದ ಬ್ಯಾಕಪ್‌ ಇದ್ದೂ ಇಲ್ಲದಂತೆ. ಒಪ್ಪಂದದಲ್ಲಿ ಹೊರಬರುವ ದಾರಿಯನ್ನೂ ಬರೆಸಿ: ಅವಧಿ ಮುಗಿದಾಗ ದತ್ತಾಂಶವನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ಮರಳಿಸಬೇಕು, ತಮ್ಮ ಪ್ರತಿಯನ್ನು ಅಳಿಸಿದ್ದಕ್ಕೆ ಏನು ಪ್ರಮಾಣಪತ್ರ ಕೊಡಬೇಕು. ಇದನ್ನು ಬರೆಸದೆ ಒಳಗೆ ಹೋದವರು ಅನಂತರ ಕೇಳಿದ ದರ ಕೊಟ್ಟು ಅಲ್ಲಿಯೇ ಉಳಿಯುವುದನ್ನು ಕಂಡಿದ್ದೇನೆ.

ನವನಗರ ನಿವಾಸಿ, ಬಾಗಲಕೋಟೆ

ಎಲ್ಲರಿಗೂ ಧನ್ಯವಾದಗಳು. ಬ್ಯಾಟರಿಯನ್ನು ಇಂದೇ ಹೊರಗಿಟ್ಟೆವು. ಮೊದಲ ಟಿಪ್ಪಣಿಯಲ್ಲಿ ನಾನು ತಂತ್ರಜ್ಞಾನದ ಹಿರಿಮೆಯನ್ನೇ ಎರಡು ಪುಟ ಬರೆದಿದ್ದೆ, ಹಣ ಯಾವ ಶೀರ್ಷಿಕೆಯಿಂದ ಎಂಬುದು ಕೊನೆಯ ಸಾಲಿನಲ್ಲಿತ್ತು. ಈಗ ಅದನ್ನು ತಿರುವಿ ಹಾಕುತ್ತೇನೆ. ಸ್ಕ್ಯಾನ್ ಪ್ರತಿಗಳ ಒಂದು ನಕಲನ್ನು ಮಾತ್ರ ಮೊದಲ ವರ್ಷ ರಾಜ್ಯ ದತ್ತಾಂಶ ಕೇಂದ್ರಕ್ಕೆ ಕಳುಹಿಸಿ, ಅರ್ಜಿಯ ತಂತ್ರಾಂಶವನ್ನು ಎರಡನೇ ಸಂಪರ್ಕ ಬಂದ ಮೇಲೆ ಸಾಗಿಸುವುದೆಂದು ಪ್ರಸ್ತಾಪಿಸಿದರೆ ನಡೆದೀತೇ?

ಹಳೆಯ ಲೆಕ್ಕಿಗ, ವಿಜಯಪುರ

ನಡೆಯುತ್ತದೆ. ಸಣ್ಣ ಮೊತ್ತದ, ಹಿಂದೆ ಸರಿಯಲು ಸಾಧ್ಯವಿರುವ ಪ್ರಸ್ತಾವನೆಗೆ ಸಹಿ ಬೇಗ ಬೀಳುತ್ತದೆ. ಹಳೆಯ ಸರ್ವರನ್ನು ಗುಜರಿಗೆ ಹಾಕುವ ಮಾತನ್ನು ಈ ಕಡತದಲ್ಲಿ ಎತ್ತಲೇಬೇಡಿ, ವಿಲೇವಾರಿ ಸಮಿತಿ ಎಂಬ ಹೊಸ ಪ್ರಶ್ನೆ ಹುಟ್ಟಿ ಇಡೀ ಕಡತ ಅಲ್ಲಿಯೇ ಕೂರುತ್ತದೆ. ಮಾರ್ಚ್‌ನಲ್ಲಿ ಮಂಡಿಸಬೇಡಿ, ಆಗ ಯಾರಿಗೂ ಓದುವ ವ್ಯವಧಾನವಿರುವುದಿಲ್ಲ. ಏಪ್ರಿಲ್ ಎರಡನೇ ವಾರದಲ್ಲಿ, ಹೊಸ ಅನುದಾನದ ಹಂಚಿಕೆ ಕೈಸೇರಿದ ಮೇಲೆ ಮಂಡಿಸಿ. ಅಷ್ಟರಲ್ಲಿ ಸರ್ವರ್ ಕೋಣೆಯ ಬಿಸಿಯೂ ನಿಮ್ಮ ಪರವಾಗಿ ಮಾತಾಡುತ್ತಿರುತ್ತದೆ, ಸಾಹೇಬರನ್ನು ಒಮ್ಮೆ ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿಗೆ ಕರೆದುಕೊಂಡು ಹೋಗಿ.